ಗುಡ್ಡದ ಮೇಲೆ ಕಸಕ್ಕೆ ಜಾಗ ಹುಡುಕಬೇಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೊಡಗಿನ ಪಟ್ಟಣಗಳ ಮತ್ತು ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ, ನನ್ನ ಹಾಗೆ ಹೋಂಸ್ಟೇ ನಡೆಸುವ ಎಲ್ಲರಿಗೆ,

ನಮಸ್ಕಾರ.

ಕಳೆದ ತಿಂಗಳು ನಮ್ಮ ತೋಟದ ಮೇಲ್ಗಡೆ ಇರುವ ಪೈಸಾರಿ (ಸರ್ಕಾರಿ) ಜಾಗ ನೋಡಲು ನಾಲ್ಕೈದು ಜನ ಬಂದಿದ್ದರು. ಜೀಪು ಕೆಳಗೆ ನಿಲ್ಲಿಸಿ ನಡೆದು ಹೋದರು, ಟೇಪು ಹಿಡಿದು ಅಳೆದರು. ಪೇಟೆಯ ಕಸ ಹಾಕಲು ಜಾಗ ಹುಡುಕುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು. "ಹತ್ತಿರ ಮನೆ ಇಲ್ಲ, ರಸ್ತೆಯಿಂದ ಕಾಣೋದೂ ಇಲ್ಲ, ಒಳ್ಳೇ ಜಾಗ" ಎಂದು ಅವರಲ್ಲಿ ಒಬ್ಬರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಈಗಲೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ಆ ಜಾಗದ ಕೆಳಗೆ ಒಂದು ಕೊಲ್ಲಿ, ಅಂದರೆ ಸಣ್ಣ ತೊರೆ, ಇದೆ. ಬೇಸಿಗೆಯಲ್ಲಿ ನೋಡಿದರೆ ನಾಲ್ಕು ಕಲ್ಲು, ಒಂದಿಷ್ಟು ಜರಿಗಿಡ, ಅಷ್ಟೇ. ಜೂನ್ ಬಂದರೆ ಅದೇ ಕೊಲ್ಲಿಯ ಸದ್ದಿಗೆ ಮನೆಯೊಳಗೆ ಮಾತು ಕೇಳಿಸುವುದಿಲ್ಲ. ಅದರ ನೀರು ನಮ್ಮ ಗದ್ದೆಗೆ ಬರುತ್ತದೆ. ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಕೊಡಗಿನಲ್ಲಿ ಯಾವ ಗುಡ್ಡದ ಮೇಲೆ ನಿಂತು ಒಂದು ಬಿಂದಿಗೆ ನೀರು ಚೆಲ್ಲಿದರೂ ಹೀಗೇ ಆಗುತ್ತದೆ. ಈ ಕಡೆ ಚೆಲ್ಲಿದರೆ ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ ಹೋಗುತ್ತದೆ. ಆ ಕಡೆ ಚೆಲ್ಲಿದರೆ ಬರಪೊಳೆಗೆ ಸೇರಿ ಕೇರಳಕ್ಕೆ ಇಳಿಯುತ್ತದೆ. ಯಾರಿಗೂ ತೊಂದರೆ ಆಗದ ಜಾಗ ಎಂದು ಒಂದು ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ನಾನು ಕೇಳುವುದು ಒಂದೇ. ಗುಡ್ಡದ ಮೇಲೆ ಕಸಕ್ಕೆ ಜಾಗ ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಹುಡುಕಾಟಕ್ಕೆ ಹೋಗುವ ಸಮಯ ಮತ್ತು ದುಡ್ಡನ್ನು, ಕಸ ಗುಡ್ಡದ ತನಕ ಬಾರದ ಹಾಗೆ ಮಾಡುವುದಕ್ಕೆ ಹಾಕಿ.

ಮಡಿಕೇರಿಯ ಕಸ ಎಷ್ಟೋ ವರ್ಷಗಳಿಂದ ಸ್ಟೂವರ್ಟ್ ಹಿಲ್‌ಗೆ ಹೋಗುತ್ತಿದೆ. ಕೆಳಗೆ ವಾಸ ಇರುವವರು ವಾಸನೆ, ಹೊಗೆ, ನಾಯಿಗಳ ಕಾಟ ಎಂದು ದೂರು ಕೊಟ್ಟು ಕೊಟ್ಟು ಸೋತಿದ್ದಾರೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಒಂದು ಸಣ್ಣ ಊರಿನ ಕಸವನ್ನೇ ಒಂದು ಗುಡ್ಡ ತಾಳಿಕೊಳ್ಳಲಿಲ್ಲ. ಈಗ ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ, ನಾಪೋಕ್ಲು ಎಲ್ಲವೂ ಪೇಟೆಗಳೇ ಆಗಿವೆ. ಸಂತೆ ಮುಗಿದ ಸಂಜೆ ಅಲ್ಲಿ ಬೀಳುವ ಕಸ ನೋಡಿದರೆ ಗಾಬರಿಯಾಗುತ್ತದೆ. ಒಂದೊಂದು ಪೇಟೆಗೂ ಒಂದೊಂದು ಗುಡ್ಡ ಕೊಡುತ್ತಾ ಹೋದರೆ ನಮಗೆ ಉಳಿಯುವುದೇನು?

ಮಳೆಯ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಸಂಗತಿ ನೆನಪಿಸುತ್ತೇನೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿತು. ಜಾರಿ ಕೆಳಗಿದ್ದ ಮಂದಾರ ಎಂಬ ಊರಿನ ಮೇಲೆ ಬಂತು. ತೆಂಗಿನ ತೋಟ, ಅಡಿಕೆ ತೋಟ, ಮನೆ ಎಲ್ಲಾ ಕಸದ ಅಡಿಗೆ ಹೋಯಿತು. ತಲೆಮಾರುಗಳಿಂದ ಬಾಳಿದವರು ಮನೆ ಬಿಟ್ಟು ಹೊರಡಬೇಕಾಯಿತು. ಅದೇ ತಿಂಗಳು ನಮ್ಮ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜನ ಸತ್ತರು. ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಮಳೆಗೆ ಗುಡ್ಡಗಳು ಕುಸಿದಾಗ ಹೇಗಿತ್ತು ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು.

ಮಂಗಳೂರಿನಲ್ಲಿ ಜಾರಿದ್ದು ಕಸದ ಗುಡ್ಡ, ಇಲ್ಲಿ ಜಾರಿದ್ದು ಮಣ್ಣಿನ ಗುಡ್ಡ. ಮಣ್ಣಿನ ಗುಡ್ಡವೇ ನಿಲ್ಲದ ಕಡೆ ಅದರ ತಲೆ ಮೇಲೆ ಕಸದ ಗುಡ್ಡ ಕಟ್ಟಲು ಹೊರಟಿದ್ದೇವೆ. ಕಸದ ರಾಶಿಯೊಳಗೆ ಪ್ಲಾಸ್ಟಿಕ್ ಪದರಗಳ ನಡುವೆ ನೀರು ತುಂಬುತ್ತದೆ. ಭಾರ ಜಾಸ್ತಿಯಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಬೇರು ಇಲ್ಲ, ಬಂಡೆ ಇಲ್ಲ, ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ. ಬರೆ (ಗುಡ್ಡದ ಇಳಿಜಾರು) ಕುಸಿತ ಆದಾಗಲೆಲ್ಲ ಓಡಿ ಹೋಗಿ ಮಣ್ಣು ಎತ್ತಿದ ನಮ್ಮ ಹುಡುಗರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ನಾನು ಹೊಸದೇನೂ ಕೇಳುತ್ತಿಲ್ಲ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಗುಡ್ಡಗಾಡಿಗೆಂದೇ ಒಂದು ಭಾಗ ಇತ್ತು. ಗುಡ್ಡದ ಮೇಲೆ ಕಸ ಹೂಳುವ ಜಾಗ ಮಾಡುವುದನ್ನು ತಪ್ಪಿಸಬೇಕು ಎಂದು ಅಲ್ಲಿ ನೇರವಾಗಿ ಬರೆದಿತ್ತು. ಸಂಸ್ಕರಣೆ ಆದ ಮೇಲೆ ಯಾವುದಕ್ಕೂ ಬಾರದೆ ಉಳಿದದ್ದನ್ನು ಮಾತ್ರ, 25 ಕಿಲೋಮೀಟರ್ ಒಳಗೆ ಗುಡ್ಡದ ಕೆಳಗಿನ ಬಯಲಿನಲ್ಲಿ ಜಾಗ ನೋಡಿ ವಿಲೇವಾರಿ ಮಾಡಬೇಕು. ಹಾಗೆ ಜಾಗ ಸಿಗದಿದ್ದರೆ ಹಲವು ಊರುಗಳು ಸೇರಿ ಒಂದು ಮಾಡಿಕೊಳ್ಳಬೇಕು. ಕಸ ಸಂಸ್ಕರಿಸುವ ಸಣ್ಣ ಸಣ್ಣ ಘಟಕಗಳಿಗೆ ಗುಡ್ಡದಲ್ಲಿ ಜಾಗ ಕೊಡಬೇಕು. ಪ್ರವಾಸಿಗರಿಂದ ಊರಿನ ಪ್ರವೇಶದಲ್ಲೇ ಕಸದ ಶುಲ್ಕ ತೆಗೆದುಕೊಳ್ಳಬಹುದು ಎಂದೂ ಇತ್ತು. ಅವುಗಳ ಬದಲಿಗೆ 2026ರಲ್ಲಿ ಬಂದ ಹೊಸ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಗುಡ್ಡಗಾಡಿನ ಸ್ಥಳೀಯ ಸಂಸ್ಥೆಗಳು ಶುಲ್ಕ ಪಡೆಯುವುದರ ಜೊತೆಗೆ, ಕಸ ನಿಭಾಯಿಸಲು ತಮಗೆ ಎಷ್ಟು ಶಕ್ತಿ ಇದೆಯೋ ಅದಕ್ಕೆ ತಕ್ಕ ಹಾಗೆ ಬರುವವರ ಸಂಖ್ಯೆಯನ್ನೂ ನಿಯಂತ್ರಿಸಬಹುದು.

ಅಂದರೆ ಅಧಿಕಾರ ನಿಮ್ಮ ಕೈಯಲ್ಲೇ ಇದೆ. ಹತ್ತು ವರ್ಷದಿಂದ ಇದೆ.

ಹೋಂಸ್ಟೇ ನಡೆಸುವವಳು ಪ್ರವಾಸಿಗರಿಗೆ ಶುಲ್ಕ ಹಾಕಿ ಎನ್ನುತ್ತಿದ್ದಾಳಲ್ಲ ಎಂದು ನಮ್ಮವರೇ ಕೆಲವರಿಗೆ ಬೇಸರ ಆಗಬಹುದು. 2018ರ ನಂತರ ಎರಡು ಮೂರು ವರ್ಷ ಅತಿಥಿಗಳೇ ಇಲ್ಲದೆ ನಾವು ಹೇಗೆ ಬದುಕಿದೆವು ಎಂದು ನನಗೂ ಗೊತ್ತು. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಇದೇ ಎರಡು ಕೋಣೆಯ ಬಾಡಿಗೆಯಿಂದ. ಬರುವವರು ನಮಗೆ ಬೇಕು. ಆದರೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷದ ಆಸುಪಾಸು, ವರ್ಷಕ್ಕೆ ಬರುವವರು ಅದರ ಹಲವು ಪಟ್ಟು. ಅವರು ಬಿಟ್ಟು ಹೋಗುವುದನ್ನು ಎತ್ತುವ ಖರ್ಚು ಮಾತ್ರ ಇಲ್ಲಿನ ಮನೆ ಕಂದಾಯದ ಮೇಲೆ ಬೀಳುತ್ತಿದೆ. ಇದು ನ್ಯಾಯ ಅಲ್ಲ.

ಶುಲ್ಕ ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಸ್ವಲ್ಪ ಯೋಚಿಸಿ. ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ಆನೆಚೌಕೂರಿನಲ್ಲಿ ಗೇಟು ಹಾಕಿ ರಸೀದಿ ಹರಿಯುತ್ತಾ ಕೂತರೆ ಮೂರು ದಿನ ರಜೆ ಬಂದಾಗ ಆಂಬುಲೆನ್ಸ್ ಕೂಡ ದಾಟುವುದಕ್ಕಾಗದು. ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ನಿಸರ್ಗಧಾಮದ ಟಿಕೆಟ್ಟಿನಲ್ಲಿ ಮತ್ತು ನಮ್ಮ ಕೋಣೆಯ ಬಿಲ್ಲಿನಲ್ಲಿ ಸೇರಿಸಿದರೆ ಸುಲಭ. ನೀಲಗಿರಿಗೆ ಹೋಗುವವರು 2024ರ ಮೇ ತಿಂಗಳಿನಿಂದ ಮೊದಲೇ ಇ-ಪಾಸ್ ತೆಗೆದುಕೊಂಡು ಹೋಗುತ್ತಿದ್ದಾರೆ. ಅಂಥದ್ದು ನಮ್ಮಲ್ಲೂ ಆಗಬಹುದು. ಆದರೆ ಆ ದುಡ್ಡು ಬೇರೆ ಖಾತೆಯಲ್ಲಿ ಇರಬೇಕು. ಬಂದದ್ದೆಷ್ಟು, ಯಾವ ಪಂಚಾಯಿತಿಗೆ ಹೋದದ್ದೆಷ್ಟು ಎಂದು ಪಂಚಾಯಿತಿ ಕಚೇರಿಯ ಗೋಡೆ ಮೇಲೆ ತಿಂಗಳು ತಿಂಗಳು ಬರೆಯಬೇಕು. ಹಾಗೆ ಬರೆದರೆ ನಾವೇ ಮುಂದೆ ನಿಂತು ವಸೂಲಿ ಮಾಡಿ ಕೊಡುತ್ತೇವೆ.

ಇನ್ನು ಹಸಿ ಕಸ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ, ಯಾಕೆಂದರೆ ಇದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ.

ಮೊದಲು ನಮ್ಮ ಮನೆಯ ಅಡುಗೆ ಕಸವೂ ಕವರಿನಲ್ಲಿ ಕಟ್ಟಿ ಪೇಟೆಯ ಗಾಡಿಗೆ ಹೋಗುತ್ತಿತ್ತು. ಎಂಟು ಅತಿಥಿಗಳು ಇದ್ದರೆ ದಿನಕ್ಕೆ ಎರಡು ಬಕೆಟ್ ಆಗುತ್ತಿತ್ತು. ಗಾಡಿ ಬಾರದ ದಿನ ಕವರನ್ನು ನಾಯಿ ಎಳೆಯುತ್ತಿತ್ತು, ರಾತ್ರಿ ಕಾಡುಹಂದಿ ಬರುತ್ತಿತ್ತು. ಒಂದು ದಿನ ನಮ್ಮ ತೋಟದಲ್ಲಿ ಕೆಲಸ ಮಾಡುವ ಅಕ್ಕ ಕೇಳಿದರು. "ಪಲ್ಪರ್ ಸಿಪ್ಪೆ ಗೊಬ್ಬರ ಆಗ್ತದೆ, ಅಡುಗೆ ಮನೆ ಸಿಪ್ಪೆ ಯಾಕೆ ಆಗಲ್ಲ?" ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಮೊದಲ ವರ್ಷ ತೆರೆದ ಗುಂಡಿ ತೋಡಿದೆವು. ಜುಲೈಯಲ್ಲಿ ಅದು ಕಪ್ಪು ನೀರಿನ ಹೊಂಡ ಆಯಿತು. ಹುಳ, ವಾಸನೆ. ಕೊಡಗಿನ ಮಳೆಗೆ ಬಯಲುಸೀಮೆಯ ಗುಂಡಿ ನಡೆಯುವುದಿಲ್ಲ ಎಂದು ಆಗ ಅರ್ಥವಾಯಿತು. ಮರುವರ್ಷ ನೆಲಕ್ಕಿಂತ ಮೇಲೆ ಇಟ್ಟಿಗೆಯ ಎರಡು ತೊಟ್ಟಿ ಕಟ್ಟಿಸಿದೆವು. ನಾಲ್ಕಡಿ ಅಗಲ, ನಾಲ್ಕಡಿ ಉದ್ದ, ಗಾಳಿ ಆಡಲು ಇಟ್ಟಿಗೆಯ ನಡುವೆ ಸಂದಿ. ಮೇಲೆ ಶೀಟ್ ಹಾಕಿಸಿದೆವು. ತಳಕ್ಕೆ ಒಣ ಕಾಫಿ ಹೊಟ್ಟು ಒಂದು ಪದರ, ಅದರ ಮೇಲೆ ಅಡುಗೆಮನೆಯ ಕಸ, ಅದರ ಮೇಲೆ ಸಿಲ್ವರ್ ಮರದ ತರಗೆಲೆ, ಸ್ವಲ್ಪ ಸಗಣಿ ನೀರು. ಮತ್ತೆ ಹೊಟ್ಟು. ಹದಿನೈದು ದಿನಕ್ಕೊಮ್ಮೆ ಮಗುಚುತ್ತೇವೆ. ಒಂದು ತೊಟ್ಟಿ ತುಂಬಿದರೆ ಇನ್ನೊಂದಕ್ಕೆ ಹಾಕುತ್ತೇವೆ. ಮೂರು ಮೂರೂವರೆ ತಿಂಗಳಿಗೆ ಗೊಬ್ಬರ ಸಿದ್ಧ. ಮೂಳೆ ಮಾತ್ರ ಇದಕ್ಕೆ ಹಾಕುವುದಿಲ್ಲ. ಅದಕ್ಕೆ ಬೇರೆ ಆಳದ ಗುಂಡಿ, ಸುಣ್ಣ, ಮೇಲೆ ಚಪ್ಪಡಿ ಕಲ್ಲು. ಇಲ್ಲದಿದ್ದರೆ ಹಂದಿ ಕೆದಕುತ್ತದೆ.

ಇದರ ಗುಟ್ಟು ಇರುವುದು ಕಾಫಿ ಹೊಟ್ಟು ಮತ್ತು ತರಗೆಲೆಯಲ್ಲಿ. ಅಡುಗೆ ಕಸದಲ್ಲಿ ನೀರು ಜಾಸ್ತಿ, ಸಾರಜನಕ ಜಾಸ್ತಿ. ಒಂದನ್ನೇ ಹಾಕಿದರೆ ಕೊಳೆತು ನಾರುತ್ತದೆ. ಒಣ ಹೊಟ್ಟು ಆ ನೀರನ್ನು ಹೀರಿಕೊಳ್ಳುತ್ತದೆ, ಒಳಗೆ ಗಾಳಿ ಆಡುವ ಹಾಗೆ ಮಾಡುತ್ತದೆ. ಆಗ ರಾಶಿ ಬಿಸಿಯಾಗುತ್ತದೆ, ವಾಸನೆ ಬರುವುದಿಲ್ಲ. ಬೇರೆ ಊರಿನವರು ಇದಕ್ಕೆಂದು ತೆಂಗಿನ ನಾರಿನ ಪುಡಿ ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮಲ್ಲಿ ಒಂದೊಂದು ಕಾಫಿ ಕ್ಯೂರಿಂಗ್ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿಯೇ ಇರುತ್ತದೆ. ತೋಟಕ್ಕೆ ಗೊಬ್ಬರ ಬೇಕು ಎನ್ನುವವರೂ ನಾವೇ. ಗೊಬ್ಬರ ಮಾಡಲು ಬೇಕಾದ್ದೆಲ್ಲ ಕಾಲಬುಡದಲ್ಲಿ ಇಟ್ಟುಕೊಂಡು, ಹಸಿ ಕಸವನ್ನು ಲಾರಿಗೆ ತುಂಬಿ ಡೀಸೆಲ್ ಸುಟ್ಟು ಗುಡ್ಡ ಹತ್ತಿಸುತ್ತಿದ್ದೇವೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆದ್ದರಿಂದ ಕೇಳುತ್ತೇನೆ. ಮೂರು ಕೋಣೆಗಿಂತ ಹೆಚ್ಚು ಇರುವ ಪ್ರತಿ ಹೋಂಸ್ಟೇ, ರೆಸಾರ್ಟ್, ಹೋಟೆಲು, ಕಲ್ಯಾಣ ಮಂಟಪ ತನ್ನ ಹಸಿ ಕಸವನ್ನು ತನ್ನ ಜಾಗದಲ್ಲೇ ಗೊಬ್ಬರ ಮಾಡಬೇಕು ಎಂದು ಕಡ್ಡಾಯ ಮಾಡಿ. ತೊಟ್ಟಿ ಇದ್ದರೆ ಮಾತ್ರ ಲೈಸೆನ್ಸ್ ನವೀಕರಿಸಿ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರ ಜವಾಬ್ದಾರಿ ಏನು ಎಂದು ಕಾನೂನು ಹಿಂದೆಯೇ ಹೇಳಿದೆ. ದೊಡ್ಡ ರೆಸಾರ್ಟುಗಳನ್ನು ಮೊದಲು ಕೇಳಿ, ಆಮೇಲೆ ನಮ್ಮಂಥವರ ಮನೆಗೆ ಬನ್ನಿ. ಪೇಟೆಯಲ್ಲಿ ಜಾಗ ಇಲ್ಲದ ಮನೆಗಳಿಗೆ, ಸಂತೆಯ ತರಕಾರಿ ಕಸಕ್ಕೆ, ಪಂಚಾಯಿತಿಯೇ ಶೀಟ್ ಹಾಕಿದ ತೊಟ್ಟಿಗಳನ್ನು ಮಾಡಲಿ. ಹೊಟ್ಟು ಮಿಲ್ಲಿನಿಂದ ಬರಲಿ, ಗೊಬ್ಬರ ತೋಟಕ್ಕೆ ಹೋಗಲಿ. ಹಸಿ ಕಸ ಬೇರೆಯಾಯಿತು ಎಂದರೆ ಉಳಿದ ಕಸದ ವಾಸನೆ, ನಾಯಿ, ನೊಣ, ಬೆಂಕಿ ಎಲ್ಲದರ ಮುಕ್ಕಾಲು ತೊಂದರೆ ಹೋಗುತ್ತದೆ.

ಒಣ ಕಸಕ್ಕೆ ನಾವು ಎಲ್ಲೋ ದೂರ ಹೋಗಿ ಕಲಿಯಬೇಕಿಲ್ಲ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಇದೆ. ಸುತ್ತಲಿನ ಪಂಚಾಯಿತಿಗಳ ಒಣ ಕಸ ಅಲ್ಲಿಗೆ ಬರುತ್ತದೆ. ಬೇರೆ ಬೇರೆ ಮಾಡಿ, ಒತ್ತಿ, ಕಟ್ಟಿ, ಮಾರುತ್ತಾರೆ. ಗಡಿಯ ಆಚೆ ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ ತೊಳೆದು ಒಣಗಿಸಿದ ಪ್ಲಾಸ್ಟಿಕ್ ತೆಗೆದುಕೊಳ್ಳುತ್ತಾರೆ. ಹಳ್ಳಿಗಳಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ. ತೊಳೆದು ಒಣಗಿಸಿ ಕೊಡುವುದೇ ಅಲ್ಲಿನ ಮುಖ್ಯ ಸಂಗತಿ. ಸಾಂಬಾರು ಅಂಟಿದ ಕವರನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಪಂಚಾಯಿತಿಗಳಿಗೂ ಸ್ವಚ್ಛ ವಾಹಿನಿ ಗಾಡಿ ಬಂದಿದೆ, ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ಓಡಿಸುತ್ತಿದ್ದಾರೆ. ಆದರೆ ಗಾಡಿ ಮುಖ್ಯರಸ್ತೆ ಬಿಟ್ಟು ಒಳಗೆ ಬರುವುದು ಕಡಿಮೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಗಂತೂ ಬರುವುದೇ ಇಲ್ಲ. ಅಲ್ಲಿ ಇರುವವರು ಏನು ಮಾಡಬೇಕು? ಸುಡುತ್ತಾರೆ. ಜನವರಿಯ ಬೆಳಗ್ಗೆ ಮಂಜಿನ ಜೊತೆ ಆ ಹೊಗೆಯೂ ಕಣಿವೆಯಲ್ಲಿ ಕೂತಿರುತ್ತದೆ. ಅವರ ಮಕ್ಕಳು ಅದರಲ್ಲೇ ಶಾಲೆಗೆ ನಡೆದು ಹೋಗುತ್ತಾರೆ. ಅವರನ್ನು ಬೈಯುವ ಮೊದಲು ವಾರಕ್ಕೊಂದು ಸಲ ಗಾಡಿ ಕಳಿಸಿ.

ಬಾಟಲಿಯ ವಿಷಯ ಹೇಳಲೇಬೇಕು. ಪೇಟೆಯಲ್ಲಿ ಕಸ ಎತ್ತುವ ಒಬ್ಬರು ಅಕ್ಕ ನನಗೆ ಪರಿಚಯ. ಕಳೆದ ದಸರಾ ಮುಗಿದ ಮೇಲೆ ಸಿಕ್ಕಾಗ ಅವರ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ದಸರಾ ಮಂಟಪಗಳ ಮೆರವಣಿಗೆ ಮುಗಿದ ಬೆಳಗ್ಗೆ ಚರಂಡಿಯಿಂದ ಎತ್ತಿದ ಒಡೆದ ಮದ್ಯದ ಬಾಟಲಿ. ಗ್ಲೌಸ್ ಇಲ್ಲವಾ ಎಂದು ಕೇಳಿದೆ. ಕೊಟ್ಟಿದ್ದು ಹರಿದು ತುಂಬಾ ದಿನ ಆಯಿತಂತೆ. "ಗಾಜು ಬಟ್ಟೆ ಗ್ಲೌಸ್‌ಗೆ ನಿಲ್ತದಾ ಅಕ್ಕ" ಎಂದರು. ನಾವು ದೀಪಗಳ ನಡುವೆ ನಿಂತು ಫೋಟೋ ತೆಗೆದ ರಸ್ತೆಯಲ್ಲಿ ಅವರು ಬೆಳಗಾಗುವ ಮೊದಲೇ ಬಗ್ಗಿ ನಿಂತಿದ್ದರು. ಆ ಬೆರಳು ನೋಡಿದ ಮೇಲೆ ಕಸ ಬೆರೆಸಿ ಕೊಡುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ನೀಲಗಿರಿಯಲ್ಲಿ 2022ರಿಂದ ಒಂದು ಪದ್ಧತಿ ಇದೆ. ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ, ಖಾಲಿ ಬಾಟಲಿ ವಾಪಸ್ ತಂದರೆ ಆ 10 ರೂಪಾಯಿ ವಾಪಸ್. ಕಾಡಿನಲ್ಲಿ ಒಡೆದ ಬಾಟಲಿ ತುಳಿದು ಆನೆಗಳಿಗೆ ಗಾಯ ಆಗುತ್ತದೆ ಎಂಬ ಚಿಂತೆಯಿಂದ ಕೋರ್ಟಿನ ಮಾತಿನ ಮೇಲೆ ಶುರುವಾದದ್ದು. ಆನೆ ನಮ್ಮಲ್ಲೂ ಇದೆ, ಬಾಟಲಿಯೂ ಇದೆ. ಕೊಡಗಿನಲ್ಲಿ ಇದನ್ನು ಮಾಡಲು ರಾಜ್ಯ ಸರ್ಕಾರಕ್ಕೆ ಬರೆಯಿರಿ. ನೀರಿನ ಬಾಟಲಿಯ ವಿಷಯದಲ್ಲಿ ಸಿಕ್ಕಿಂ 2022ರ ಜನವರಿಯಿಂದ ಧೈರ್ಯ ಮಾಡಿ ಪ್ಯಾಕ್ ಮಾಡಿದ ನೀರನ್ನೇ ನಿಷೇಧಿಸಿತು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನಮ್ಮ ಮನೆಯಲ್ಲಿ ಈಗ ಕೋಣೆಗೊಂದು ಸ್ಟೀಲ್ ಜಗ್ ಇಡುತ್ತೇವೆ. ಮೊದಲು ಮೂರು ದಿನದ ರಜೆ ಮುಗಿದರೆ ಒಂದು ಗೋಣಿಚೀಲ ಬಾಟಲಿ ಸಿಗುತ್ತಿತ್ತು, ಈಗ ಕಾರಿನಲ್ಲಿ ತಂದದ್ದು ನಾಲ್ಕೈದು ಇರುತ್ತದೆ. ಒಬ್ಬ ಅತಿಥಿಯೂ ಇದಕ್ಕೆ ಕೋಪ ಮಾಡಿಕೊಂಡಿಲ್ಲ.

ಮಕ್ಕಳ ಡಯಾಪರ್, ಸ್ಯಾನಿಟರಿ ಪ್ಯಾಡ್ ವಿಷಯ ಮಾತ್ರ ಒಂದು ಮನೆಯಿಂದ, ಒಂದು ಪಂಚಾಯಿತಿಯಿಂದ ಆಗುವುದಲ್ಲ. ನಾವು ಕಾಗದದಲ್ಲಿ ಸುತ್ತಿ ಬೇರೆ ಕೊಡುತ್ತೇವೆ. ಗಾಡಿಯಲ್ಲಿ ಅದು ಮತ್ತೆ ಎಲ್ಲದರ ಜೊತೆ ಸೇರುತ್ತದೆ. ಹೊಸ ನಿಯಮದಲ್ಲಿ ಇದನ್ನು ಬೇರೆಯಾಗಿಯೇ ಕೊಡಬೇಕು ಎಂದಿದೆ. ಹಾಗಾದರೆ ಗಾಡಿಯಲ್ಲಿ ಅದಕ್ಕೊಂದು ಬೇರೆ ಡಬ್ಬ ಇರಲಿ, ಜಿಲ್ಲೆಗೆ ಒಂದು ಸರಿಯಾದ ವಿಲೇವಾರಿ ವ್ಯವಸ್ಥೆ ಆಗಲಿ. ಇದು ಜಿಲ್ಲಾಡಳಿತವೇ ಮಾಡಬೇಕಾದ ಕೆಲಸ.

ಇಷ್ಟೆಲ್ಲಾ ಮಾಡಿದ ಮೇಲೂ ಏನೋ ಒಂದಿಷ್ಟು ಉಳಿಯುತ್ತದೆ. ಅದನ್ನು ಬಯಲಿಗೆ ಇಳಿಸಬೇಕು ಎಂದರೆ ಎಲ್ಲರ ಕಣ್ಣು ಕುಶಾಲನಗರದ ಕಡೆಗೆ ಹೋಗುತ್ತದೆ. ಅಲ್ಲಿನವರು ಬೇಡ ಎಂದರೆ ನಾನು ತಪ್ಪು ಹೇಳಲಾರೆ. ಅವರ ಮನೆ ಮುಂದೆಯೂ ಕಾವೇರಿ ಹರಿಯುತ್ತಾಳೆ. ಮಡಿಕೇರಿಯ ಕಸ ಹಾಗೇ ಹಸಿ ಒಣ ಬೆರೆಸಿ 30 ಕಿಲೋಮೀಟರ್ ಕೆಳಗೆ ಹೋಗಿ ಬೀಳುವುದಾದರೆ ಅದು ಗುಡ್ಡದ ತೊಂದರೆಯನ್ನು ಅವರ ತಲೆಗೆ ಹಾಕಿದ ಹಾಗೆ. ಮೊದಲು ಮೇಲಿನವರು ವಿಂಗಡಿಸಿ ತೋರಿಸಬೇಕು. ಉಳಿಯುವುದು ದಿನಕ್ಕೆ ಒಂದು ಸಣ್ಣ ಗಾಡಿಯಷ್ಟೇ ಎಂದು ತೂಕ ಹಾಕಿ ತೋರಿಸಿದ ಮೇಲೆ ಅವರ ಹತ್ತಿರ ಹೋಗಿ ಕೂತು ಮಾತಾಡಬೇಕು. ಅಲ್ಲಿಯವರೆಗೆ ಅವರನ್ನು ಕೇಳುವ ಹಕ್ಕು ನಮಗಿಲ್ಲ.

ಹೋಂಸ್ಟೇ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಒಂದು ಮಾತು. ರಾತ್ರಿ ಜೀಪಿನಲ್ಲಿ ಕಸದ ಮೂಟೆ ಇಟ್ಟುಕೊಂಡು ಘಾಟಿಯ ತಿರುವಿನಲ್ಲಿ ಕೆಳಗೆ ಎಸೆಯುವವರು ಹೊರಗಿನವರು ಮಾತ್ರ ಎಂದು ನಾವು ಹೇಳಿಕೊಳ್ಳುತ್ತೇವೆ. ಹೋದ ಮಳೆಗಾಲದ ನಂತರ ನಮ್ಮ ಕೊಲ್ಲಿ ಕ್ಲೀನ್ ಮಾಡುವಾಗ ಸಿಕ್ಕ ಮೂಟೆಯೊಂದರಲ್ಲಿ ನಮ್ಮ ಊರಿನದೇ ಬಿಲ್ ಇತ್ತು. ಯಾರದ್ದು ಎಂದು ನಾನು ಹೇಳುವುದಿಲ್ಲ. ಅವರಿಗೆ ಗೊತ್ತು. ದೇವರಕಾಡಿನಲ್ಲಿ ಒಂದು ಕೊಂಬೆ ಮುರಿಯಲು ಹೆದರುವ ನಾವು, ಅದೇ ಕಾಡಿನ ಮೇಲಿನ ರಸ್ತೆಯಿಂದ ಮೂಟೆ ಹೇಗೆ ಎಸೆಯುತ್ತೇವೆ?

ಜಿಲ್ಲಾಧಿಕಾರಿಗಳೇ, ನಮ್ಮ ಮೇಲಿನ ಪೈಸಾರಿ ಜಾಗದ ಬಗ್ಗೆ ತೀರ್ಮಾನ ಮಾಡುವ ಮೊದಲು ಒಂದು ಸಲ ಬನ್ನಿ. ಬೇಸಿಗೆಯಲ್ಲಿ ಬೇಡ, ಜುಲೈಯಲ್ಲಿ ಬನ್ನಿ. ಟೇಪು ಹಿಡಿದು ಬಂದವರು ಬೇಸಿಗೆಯಲ್ಲಿ ಬಂದಿದ್ದರು. ಬೂಟು ಹಾಕಿಕೊಳ್ಳಿ, ಜಿಗಣೆ ಇರುತ್ತದೆ. ಆ ಜಾಗದಲ್ಲಿ ನಿಂತು ಕೊಲ್ಲಿಯ ಸದ್ದು ಕೇಳಿ, ಅದರ ಜೊತೆಗೇ ಕೆಳಗೆ ಗದ್ದೆವರೆಗೆ ನಡೆದು ಬನ್ನಿ. ಆಮೇಲೆ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ತೊಟ್ಟಿ ನೋಡಿ. ಏಪ್ರಿಲ್‌ನಲ್ಲಿ ತುಂಬಿದ್ದು ಅಷ್ಟೊತ್ತಿಗೆ ಗೊಬ್ಬರ ಆಗಿರುತ್ತದೆ. ಒಂದು ಹಿಡಿ ಕೈಯಲ್ಲಿ ತೆಗೆದು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆಯೇ ಇರುತ್ತದೆ.

ಇತಿ,
ಕೊಲ್ಲಿಯ ಕೆಳಗಿನ ಮನೆಯವಳು
ಮಡಿಕೇರಿ ತಾಲ್ಲೂಕು, ಕೊಡಗು